ನೀವು ಕೇಳಿದಿರಿ: ಆಗಸ್ಟ್ 29ಕ್ಕೆ ಏನೇನಿದೆ?

ಈ ಸಲ ಬಂದ ಪತ್ರಗಳಲ್ಲಿ ಆಗಸ್ಟ್ 29ರ ಸುತ್ತಮುತ್ತಲ ಪ್ರಶ್ನೆಗಳೇ ಜಾಸ್ತಿ. ಹಾಗಾಗಿ ಉಳಿದವನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ, ಬೇಜಾರು ಬೇಡ.

ಪ್ರಶ್ನೆ: ಅಮೆರಿಕದಲ್ಲಿರುವ ಮಗಳು ಫೋನ್ ಮಾಡಿ ‘ಅಮ್ಮಾ, ಬೇಸಿಗೆ ಮುಗೀತಾ ಬಂತು’ ಅಂತಾಳೆ. ಇಲ್ಲಿ ನೋಡಿದರೆ ಬಟ್ಟೆ ಒಣಗುತ್ತಿಲ್ಲ. ಯಾರ ಲೆಕ್ಕ ಸರಿ? (ತೀರ್ಥಹಳ್ಳಿಯಿಂದ)

ಇಬ್ಬರದೂ ಸರಿ ಮೇಡಂ. ಅಲ್ಲಿನ ಹವಾಮಾನದವರಿಗೆ ಜೂನ್, ಜುಲೈ, ಆಗಸ್ಟ್ ಬೇಸಿಗೆ. ನಮಗೆ ಮಾರ್ಚ್‌ನಿಂದ ಮೇವರೆಗೆ. ಇದರಲ್ಲೊಂದು ತಮಾಷೆ ಇದೆ. ನಿಮ್ಮೂರಿನಲ್ಲಿ ಸೂರ್ಯ ಏಪ್ರಿಲ್ ಕೊನೆಗೆ ಒಮ್ಮೆ ನೆತ್ತಿಯ ಮೇಲೆ ಬರುತ್ತಾನೆ, ಆಗಸ್ಟ್ ಮಧ್ಯದಲ್ಲಿ ಇನ್ನೊಮ್ಮೆ. ಎರಡನೇ ಸಲ ಬಂದಿದ್ದು ನಮಗೆ ಗೊತ್ತೇ ಆಗುವುದಿಲ್ಲ, ಮೋಡ ಅಡ್ಡ ನಿಂತಿರುತ್ತದಲ್ವಾ! ಬಟ್ಟೆಗೆ ಮಾತ್ರ ನನ್ನಲ್ಲಿ ಪರಿಹಾರವಿಲ್ಲ.

ಪ್ರಶ್ನೆ: ನಮ್ಮಜ್ಜ ಪಂಚಾಂಗ ನೋಡದೆಯೇ ‘ಇವತ್ತು ಮಘೆ ಮಳೆ’ ಅನ್ನುತ್ತಿದ್ದರು. ಹಬ್ಬದ ತಾರೀಕು ಮಾತ್ರ ಅವರಿಗೂ ಪಂಚಾಂಗ ನೋಡಿಯೇ ಹೇಳಬೇಕಿತ್ತು. ಯಾಕೆ ಹಾಗೆ? (ಹಾಸನದಿಂದ)

ಒಳ್ಳೆ ಪ್ರಶ್ನೆ. ಮಳೆ ನಕ್ಷತ್ರಗಳು ನಡೆಯುವುದು ಸೂರ್ಯನ ಲೆಕ್ಕದಲ್ಲಿ. ಇಪ್ಪತ್ತೇಳು ನಕ್ಷತ್ರ ದಾಟಲು ಸೂರ್ಯನಿಗೆ ಒಂದು ವರ್ಷ ಬೇಕು, ಅಂದರೆ ಒಂದೊಂದರಲ್ಲಿ ಹದಿಮೂರು, ಹದಿನಾಲ್ಕು ದಿನ. ಅದಕ್ಕೇ ಮಘೆ ಪ್ರತಿ ವರ್ಷವೂ ಆಗಸ್ಟ್ 17ರ ಆಸುಪಾಸು ಹುಟ್ಟಿ 30ರ ಹೊತ್ತಿಗೆ ಮುಗಿಯುತ್ತದೆ, ಆಮೇಲೆ ಹುಬ್ಬೆ. ಒಂದು ಸಲ ಕಲಿತರೆ ಜೀವನಪೂರ್ತಿ ಸಾಕು. ‘ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು’ ಅಂತ ನಿಮ್ಮಜ್ಜ ಹೇಳಿಯೇ ಇರುತ್ತಾರೆ.

ಹಬ್ಬಕ್ಕೆ ಬೇಕಾಗಿರುವುದು ತಿಥಿ, ಅದು ಚಂದ್ರನ ಲೆಕ್ಕ. ಚಾಂದ್ರ ವರ್ಷಕ್ಕೆ 354 ದಿನ, ಹನ್ನೊಂದು ದಿನ ಕಮ್ಮಿ. ಹೀಗೆ ಹಬ್ಬ ಹಿಂದೆ ಹಿಂದೆ ಸರಿಯುತ್ತಾ ಬರುತ್ತದೆ, ಅಧಿಕ ಮಾಸ ಬಂದಾಗ ದಡಕ್ಕನೆ ಮುಂದಕ್ಕೆ ಹೋಗುತ್ತದೆ. 2022ರಲ್ಲಿ ಗಣೇಶ ಆಗಸ್ಟ್ 31ಕ್ಕೇ ಬಂದಿದ್ದ. ಮರುವರ್ಷ ಅಧಿಕ ಶ್ರಾವಣ ಬಂದಿದ್ದರಿಂದ ಸೆಪ್ಟೆಂಬರ್ 18ರವರೆಗೆ ಕಾಯಿಸಿದ.

ಪ್ರಶ್ನೆ: ಮಲೆನಾಡಲ್ಲಿ ಮಳೆ ಇಳಿಯುವ ಹೊತ್ತಿಗೆ ಬೆಂಗಳೂರಲ್ಲಿ ಜೋರಾಗುತ್ತದೆ. ನಮ್ಮ ಮೇಲೇನು ಸಿಟ್ಟು? (ಬೆಂಗಳೂರಿನಿಂದ)

ಸಿಟ್ಟಿಲ್ಲ, ಘಟ್ಟ ಇದೆ. ಜುಲೈನಲ್ಲಿ ಪಶ್ಚಿಮದ ಗಾಳಿ ಹೊತ್ತು ತಂದ ನೀರನ್ನೆಲ್ಲ ಸಹ್ಯಾದ್ರಿಯಲ್ಲೇ ಸುರಿದುಬಿಡುತ್ತದೆ. ನಿಮಗೆ ಸಿಗುವುದು ತಂಗಾಳಿ, ಜಿನುಗು. ಆಗಸ್ಟ್ ಕೊನೆಗೆ ಆ ಗಾಳಿಯ ಬಿರುಸು ತಗ್ಗುತ್ತದೆ, ಮಧ್ಯಾಹ್ನ ನೆಲ ಕಾಯುತ್ತದೆ, ಸಂಜೆ ಗುಡುಗು ಮಳೆ. ಆಫೀಸ್ ಬಿಡುವ ಹೊತ್ತಿಗೇ.

ಪ್ರಶ್ನೆ: ಆಗಸ್ಟ್ 29 ಕ್ರೀಡಾ ದಿನ ಅಂತ ಶಾಲೆಯಲ್ಲಿ ಭಾಷಣ ಇದೆ. ಧ್ಯಾನ್ ಚಂದ್ ಅವರಿಗೆ ಹಿಟ್ಲರ್ ಕೆಲಸ ಕೊಡ್ತೀನಿ ಅಂದಿದ್ದ ಅಂತ ಹೇಳಬಹುದಾ? (ವಿರಾಜಪೇಟೆಯಿಂದ, ಎಂಟನೇ ತರಗತಿ)

ಬೇಡ ಪುಟ್ಟಾ. ಕೇಳೋಕೆ ಚಂದ, ಆದರೆ ನಾನು ಅದನ್ನು ದಂತಕಥೆಗಳ ಕಪಾಟಿನಲ್ಲೇ ಇಡುತ್ತೇನೆ. ನಡೆದದ್ದೇ ಸಾಕಷ್ಟಿದೆ. ಅವರು ಹುಟ್ಟಿದ್ದು 1905ರ ಆಗಸ್ಟ್ 29, ಅಲಹಾಬಾದಿನಲ್ಲಿ. ಸೈನ್ಯ ಸೇರಿದವರು. 1928, 1932, 1936, ಮೂರೂ ಒಲಿಂಪಿಕ್ಸ್‌ನಲ್ಲಿ ಹಾಕಿಗೆ ಚಿನ್ನ. 1932ರಲ್ಲಿ ಅಮೆರಿಕದ ಮೇಲೆ 24-1 ಅಂತ ಗೆದ್ದಿದ್ದನ್ನು ಹೇಳಿದರೆ ನಿನ್ನ ಕ್ಲಾಸು ನಗುತ್ತದೆ, ಆದರೆ ಭಾಷಣಕ್ಕೆ 1936ರ ಬರ್ಲಿನ್ನೇ ಚೆನ್ನ. ಕೂಟಕ್ಕೆ ಮುಂಚೆ ಒಂದು ಅಭ್ಯಾಸ ಪಂದ್ಯದಲ್ಲಿ ಜರ್ಮನಿ ನಮ್ಮನ್ನು ಸೋಲಿಸಿತ್ತು. ಫೈನಲ್‌ನಲ್ಲಿ ಮತ್ತೆ ಅದೇ ಜರ್ಮನಿ. ಆಗಸ್ಟ್ 14ಕ್ಕೆ ಇದ್ದ ಪಂದ್ಯ ಮಳೆಯಿಂದ ಮರುದಿನಕ್ಕೆ ಹೋಯಿತು. ಅರ್ಧ ಆಟ ಮುಗಿದಾಗ ಬರೀ 1-0. ಆಮೇಲೆ ನಾಯಕ ಧ್ಯಾನ್ ಚಂದ್ ಬೂಟು ಬಿಚ್ಚಿಟ್ಟು ಆಡಿದರು ಅನ್ನುತ್ತಾರೆ. ಕೊನೆಗೆ 8-1. ಆ ಒಲಿಂಪಿಕ್ಸ್ ಪೂರ್ತಿ ಭಾರತ ಬಿಟ್ಟುಕೊಟ್ಟಿದ್ದು ಅದೊಂದೇ ಗೋಲು.

ನಿಮ್ಮೂರಲ್ಲಿ ಹಾಕಿ ಅಂದರೆ ಯಾರೂ ಪಾಠ ಹೇಳಬೇಕಿಲ್ಲ, ಆದರೂ ಹೇಳಿಬಿಡುತ್ತೇನೆ. 1980ರ ಮಾಸ್ಕೋ ಚಿನ್ನದ ತಂಡದಲ್ಲಿದ್ದ ಎಂ.ಎಂ. ಸೋಮಯ್ಯ ನಿಮ್ಮ ಕೊಡಗಿನವರೇ, ಅವರ ಹೆಸರು ಬಿಡಬೇಡ. ಕ್ರೀಡಾ ದಿನದಂದು ನಿಮ್ಮ ಮೈದಾನ ಕೆರೆಯಂತಾಗಿರುತ್ತದೆ ಅನ್ನುವುದೂ ಗೊತ್ತು. ಕೊಡವ ಕುಟುಂಬಗಳ ಹಾಕಿ ಹಬ್ಬ ಬೇಸಿಗೆ ರಜೆಯಲ್ಲಿ ನಡೆಯುವುದು ಸುಮ್ನೆ ಅಲ್ಲ.

ಪ್ರಶ್ನೆ: ಅದೇ ದಿನ ಹುಟ್ಟಿದ ಕನ್ನಡಿಗರು ಯಾರೂ ಇಲ್ಲವಾ? (ಶಿರಸಿಯಿಂದ)

ಶಿರಸಿಯವರು ಕೇಳುವ ಪ್ರಶ್ನೆಯಾ ಇದು! ನಿಮ್ಮ ಪಕ್ಕದ ಸಿದ್ದಾಪುರ ತಾಲ್ಲೂಕಿನ ದೊಡ್ಮನೆಯ ರಾಮಕೃಷ್ಣ ಹೆಗಡೆಯವರು, 1926ರ ಆಗಸ್ಟ್ 29. 1983ರಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದರು. ಫೋನ್ ಕದ್ದಾಲಿಕೆ ಗಲಾಟೆಯಲ್ಲಿ 1988ರಲ್ಲಿ ಕುರ್ಚಿ ಬಿಟ್ಟರು. ಅವರ ರಾಜಕೀಯದ ಬಗ್ಗೆ ಜಗಳ ಆಡುವವರು ಆಡಲಿ, ನನಗೆ ದೊಡ್ಡದಾಗಿ ಕಾಣುವುದು ಅವರ ಸರ್ಕಾರ ತಂದ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯ್ತಿಗಳು. 1987ರ ಆ ಚುನಾವಣೆಯಲ್ಲಿ ಹೆಂಗಸರಿಗೆ ಕಾಲು ಭಾಗ ಸೀಟು ಮೀಸಲಿತ್ತು, ದೇಶದ ಸಂವಿಧಾನ ಅದಕ್ಕೆ ಕೈ ಹಾಕುವುದಕ್ಕೆ ಆರು ವರ್ಷ ಮುಂಚೆ. ಅದರ ಹಿಂದೆ ಓಡಾಡಿದವರು ಊರೂರಿಗೆ ಬೋರ್‌ವೆಲ್ ಹಾಕಿಸಿ ‘ನೀರ್ ಸಾಬ್’ ಅನ್ನಿಸಿಕೊಂಡ ಅವರ ಮಂತ್ರಿ ಅಬ್ದುಲ್ ನಜೀರ್ ಸಾಬ್.

ಪ್ರಶ್ನೆ: ಆ ದಿನ ವಿಜ್ಞಾನದಲ್ಲಿ ಏನಾದರೂ ನಡೆದಿದೆಯಾ? (ಮಂಡ್ಯದಿಂದ)

ನಿಮ್ಮ ಮನೆಯ ಲೈಟು ಹತ್ತಿದ್ದು ಆ ದಿನದಿಂದಲೇ ಅನ್ನಬಹುದು. 1831ರ ಆಗಸ್ಟ್ 29ರಂದು ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ ಆರು ಇಂಚು ಅಗಲದ ಕಬ್ಬಿಣದ ಉಂಗುರ ತಗೊಂಡರು. ಅದರ ಒಂದು ಕಡೆ ಒಂದು ತಂತಿ ಸುರುಳಿ, ಇನ್ನೊಂದು ಕಡೆ ಇನ್ನೊಂದು, ತಂತಿಗೆ ತಂತಿ ತಾಗದ ಹಾಗೆ ನಡುವೆ ಬಟ್ಟೆ, ದಾರ. ಮೊದಲನೆಯದನ್ನು ಬ್ಯಾಟರಿಗೆ ಜೋಡಿಸಿದಾಗ ಎರಡನೆಯದರ ತಂತಿಯ ಹತ್ತಿರವಿದ್ದ ಕಾಂತಸೂಜಿ ಅಲ್ಲಾಡಿ ಸುಮ್ಮನಾಯಿತು. ಬ್ಯಾಟರಿ ತೆಗೆದಾಗ ಮತ್ತೆ ಅಲ್ಲಾಡಿತು. ಕರೆಂಟು ಒಂದೇ ಸಮ ಹರಿಯುತ್ತಿದ್ದರೆ ಏನೂ ಇಲ್ಲ, ಕಾಂತಶಕ್ತಿ ಬದಲಾಗುವ ಗಳಿಗೆಯಲ್ಲಿ ಮಾತ್ರ. ಎಲ್ಲ ಜನರೇಟರ್‌ಗಳೂ ನಿಂತಿರುವುದು ಇದರ ಮೇಲೆ. ನಿಮ್ಮ ಶಿವನಸಮುದ್ರದಲ್ಲಿ ತಯಾರಾದ ಕರೆಂಟು 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಹೋಗಿತ್ತು.

ಪ್ರಶ್ನೆ: ಅಣ್ವಸ್ತ್ರ ಪರೀಕ್ಷೆ ವಿರೋಧಿ ದಿನವೂ ಅವತ್ತೇ ಯಾಕೆ? (ಧಾರವಾಡದಿಂದ)

ಇದು ಆಕಸ್ಮಿಕ ಅಲ್ಲ. ಕಜಕಸ್ತಾನದ ಸೆಮಿಪಲಾಟಿನ್ಸ್ಕ್‌ನಲ್ಲಿ ಸೋವಿಯತ್ ಒಕ್ಕೂಟ ಮೊದಲ ಬಾಂಬ್ ಸಿಡಿಸಿದ್ದು 1949ರ ಆಗಸ್ಟ್ 29. ಆ ಜಾಗಕ್ಕೆ ಬೀಗ ಹಾಕಿದ್ದು 1991ರಲ್ಲಿ, ಅದೇ ತಾರೀಕು. ವಿಶ್ವಸಂಸ್ಥೆ ಅದನ್ನೇ ಆರಿಸಿಕೊಂಡಿತು.

ಪ್ರಶ್ನೆ: ನಾನೂ ಮೈಕೆಲ್ ಜಾಕ್ಸನ್ ಹುಟ್ಟಿದ ದಿನವೇ ಹುಟ್ಟಿದ್ದು. ನನಗೂ ಕುಣಿತ ಬರಬಹುದಾ? (ತುಮಕೂರಿನಿಂದ)

ಪ್ರಪಂಚದ ಜನ ಸುಮಾರು ಎಂಟುನೂರು ಕೋಟಿ. 365ರಿಂದ ಭಾಗಿಸಿದರೆ ಆ ದಿನ ಹುಟ್ಟಿದವರೇ ಎರಡು ಕೋಟಿಗೂ ಜಾಸ್ತಿ. ಅಷ್ಟೂ ಜನ ಕುಣಿದಿದ್ದರೆ ನಮಗೆ ಗೊತ್ತಾಗುತ್ತಿತ್ತು. ನಟಿ ಇಂಗ್ರಿಡ್ ಬರ್ಗ್‌ಮನ್ 1915ರ ಆಗಸ್ಟ್ 29ಕ್ಕೆ ಹುಟ್ಟಿ 1982ರ ಆಗಸ್ಟ್ 29ಕ್ಕೇ ತೀರಿಕೊಂಡರು, ಅದೂ ಬರೀ ಕಾಕತಾಳೀಯ. ನೀವು ಧೈರ್ಯವಾಗಿ ಕೇಕ್ ಕತ್ತರಿಸಿ. ಕುಣಿತಕ್ಕೆ ಮೇಷ್ಟ್ರನ್ನು ಹುಡುಕಿಕೊಳ್ಳಿ.