ಸಂಪಾದಕರ ಉತ್ತರ: ಸಭೆಯಲ್ಲಿ ಲೆಕ್ಕ ಕೇಳಬಹುದಾ?

ಚಿತ್ರದುರ್ಗದಿಂದ ಒಬ್ಬ ಸಹೋದರಿ ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಪೂರ್ತಿ ಹಾಕಲು ಜಾಗವಿಲ್ಲ, ವಿಷಯ ಇಷ್ಟು. ಅವರ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಹೊಸ ಹಾಲ್ ಕಟ್ಟಿಸಬೇಕು ಅಂತ ಮೂರು ವರ್ಷದಿಂದ ಹಣ ಸೇರಿಸುತ್ತಿದ್ದಾರೆ. ಕಾಣಿಕೆ ಕವರ್, ಸುಗ್ಗಿ ಹಬ್ಬದ ಹರಾಜಿನ ದುಡ್ಡು, ಹೊರಗೆ ಕೆಲಸದಲ್ಲಿರುವ ಮಕ್ಕಳು ಕಳಿಸಿದ್ದು, ಎಲ್ಲ ಅದಕ್ಕೇ. ಗೋಡೆ ಕಿಟಕಿ ಮಟ್ಟಕ್ಕೆ ಬಂದು ನಿಂತುಬಿಟ್ಟಿದೆ. ಈ ಸಲದ ಜನರಲ್ ಬಾಡಿ ಮೀಟಿಂಗ್‌ನಲ್ಲಿ ಇವರು ಎದ್ದು ನಿಂತು, ಎಷ್ಟು ಬಂತು, ಎಷ್ಟು ಖರ್ಚಾಯಿತು, ರಸೀದಿ ತೋರಿಸ್ತೀರಾ ಅಂತ ಕೇಳಿದ್ದಾರೆ. ಯಾರೂ ಉಸಿರೆತ್ತಲಿಲ್ಲವಂತೆ. ಆಮೇಲೆ ಒಬ್ಬ ಹಿರಿಯರು, 'ಮನೆ ವಿಷಯ ಬೀದಿಗೆ ತರಬೇಡಮ್ಮ, ನಾವು ಮೊದಲೇ ಕಡಿಮೆ ಜನ' ಅಂದರಂತೆ. ಇನ್ನೊಬ್ಬರು, ಕೆನ್ನೆಗೆ ಹೊಡೆದರೆ ಇನ್ನೊಂದು ಕೆನ್ನೆ ತೋರಿಸುವವರು ನಾವು, ಲೆಕ್ಕ ಕೇಳುವುದು ನಮ್ಮ ಕೆಲಸವಲ್ಲ ಅಂದರಂತೆ. ಮನೆಗೆ ಬಂದ ಮೇಲೆ ಮಾವ ಎರಡು ದಿನ ಮಾತು ಬಿಟ್ಟರು. ಸಹೋದರಿಯ ಪ್ರಶ್ನೆ ಎರಡು. ನಾನು ಮಾಡಿದ್ದು ತಪ್ಪಾ? ನಮ್ಮ ಸಭೆಯ ಹೆಸರು ಹಾಕಿ ನಿಮ್ಮ ಪತ್ರಿಕೆಯಲ್ಲಿ ಇದನ್ನು ಬರೆಯುತ್ತೀರಾ?

ಪ್ರೀತಿಯ ಸಹೋದರಿ, ಕರ್ತನ ನಾಮದಲ್ಲಿ ವಂದನೆಗಳು.

ಮೊದಲನೆಯದಕ್ಕೆ ನೇರವಾಗಿ ಹೇಳುತ್ತೇನೆ. ನೀವು ಮಾಡಿದ್ದು ತಪ್ಪಲ್ಲ. ಲೆಕ್ಕ ಕೇಳಿದರೆ ವಿಶ್ವಾಸ ಕಡಿಮೆಯಾಯಿತು ಅಂತ ಹೇಳುವವರಿಗೆ ಬೈಬಲಿನ 2 ಕೊರಿಂಥ 8ನೇ ಅಧ್ಯಾಯ ತೆಗೆದು ತೋರಿಸಿ. ಯೆರೂಸಲೇಮಿನ ಬಡವರಿಗಾಗಿ ಅಪೊಸ್ತಲ ಪೌಲ ಊರೂರಿನ ಸಭೆಗಳಿಂದ ಹಣ ಕೂಡಿಸುತ್ತಿದ್ದ ಕಾಲ ಅದು. ಆ ಹಣವನ್ನು ಅವನು ಒಬ್ಬನೇ ಮುಟ್ಟಲಿಲ್ಲ. ತನ್ನ ಜೊತೆ ಕೆಲಸಗಾರ ತೀತನ ಜೊತೆಗೆ, ಸಭೆಗಳೇ ಆರಿಸಿದ ಇನ್ನೊಬ್ಬ ಸಹೋದರನನ್ನೂ ಕಳಿಸಿದ. ಯಾಕೆ ಅಂತ ಅವನೇ ಬರೆದಿದ್ದಾನೆ: ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದು, ಕರ್ತನ ಎದುರಿನಲ್ಲಿ ಮಾತ್ರವಲ್ಲ, ಮನುಷ್ಯರ ಎದುರಿನಲ್ಲೂ ಸರಿಯಾಗಿ ನಡೆಯಬೇಕು. ಪೌಲನಿಗೇ ಲೆಕ್ಕ ಬೇಕಿತ್ತು. ನಿಮ್ಮ ಸಭೆಯ ಖಜಾಂಚಿಗೆ ಬೇಡವಾ?

ಇನ್ನು ಕೆನ್ನೆಯ ಮಾತು. ಇದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಆ ಮಾತು ಹೇಳಿದ ಯೇಸುವಿಗೇ ಒಂದು ದಿನ ಕೆನ್ನೆಗೆ ಬಿತ್ತು. ಯೋಹಾನ 18ನೇ ಅಧ್ಯಾಯ ಓದಿ ನೋಡಿ. ರಾತ್ರಿ ಅವನನ್ನು ಕಟ್ಟಿ ಯಾಜಕರ ಮುಖಂಡ ಅನ್ನ ಎಂಬವನ ಮುಂದೆ ನಿಲ್ಲಿಸಿದ್ದಾರೆ. ಅನ್ನ ಅವನ ಬೋಧನೆಯ ಬಗ್ಗೆ ಕೇಳುತ್ತಾನೆ. ಯೇಸು, ನಾನು ಗುಟ್ಟಾಗಿ ಏನೂ ಹೇಳಿಲ್ಲ, ಎಲ್ಲರೂ ಸೇರುವ ಜಾಗದಲ್ಲೇ ಹೇಳಿದ್ದೇನೆ, ಕೇಳಿದವರನ್ನೇ ಕೇಳು ಅನ್ನುತ್ತಾನೆ. ಹತ್ತಿರ ನಿಂತಿದ್ದ ಕಾವಲಿನವನು, ಮಹಾಯಾಜಕನಿಗೆ ಹೀಗಾ ಉತ್ತರ ಕೊಡೋದು ಅಂತ ಹೊಡೆಯುತ್ತಾನೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಅಂತ ನಮ್ಮ ಕಡೆ ಹೇಳುತ್ತಾರಲ್ಲ, ಹಾಗೆ. ಆಗ ಯೇಸು ಸುಮ್ಮನೆ ತಲೆ ತಗ್ಗಿಸಲಿಲ್ಲ. ತಿರುಗಿ ಕೈಯೂ ಎತ್ತಲಿಲ್ಲ. ನಾನು ತಪ್ಪು ಮಾತಾಡಿದ್ದರೆ ಆ ತಪ್ಪನ್ನು ತೋರಿಸು, ಸರಿ ಮಾತಾಡಿದ್ದರೆ ಯಾಕೆ ಹೊಡೆಯುತ್ತೀ ಅಂತ ಕೇಳಿದ. ಕೆನ್ನೆ ಕೊಟ್ಟರೂ ಬಾಯಿ ಮುಚ್ಚಲಿಲ್ಲ. ನೀವು ಮೀಟಿಂಗ್‌ನಲ್ಲಿ ಕೇಳಿದ್ದೂ ಅಂಥದ್ದೇ ಪ್ರಶ್ನೆ, ಸಹೋದರಿ.

ನಾನು ಇದನ್ನು ಇಷ್ಟು ಒತ್ತಿ ಹೇಳಲು ಒಂದು ಕಾರಣವಿದೆ. ಇಪ್ಪತ್ತು ವರ್ಷದ ಹಿಂದೆ ಇಲ್ಲೇ ದಾವಣಗೆರೆಯಲ್ಲಿ ನಾನೊಂದು ಕಮಿಟಿಯಲ್ಲಿದ್ದೆ. ಸ್ಟೋರ್ ರೂಮಿನಿಂದ ಎರಡು ಫ್ಯಾನ್ ಕಾಣೆಯಾದವು. ವಾಚ್‌ಮನ್ ಕದ್ದ ಅಂತ ಹೇಳಿದರು. ಆ ಫ್ಯಾನುಗಳು ಕಮಿಟಿಯವರೊಬ್ಬರ ಮನೆಯ ಮದುವೆಗೆ ಅಂತ ಆಟೋದಲ್ಲಿ ಹೋಗಿದ್ದನ್ನು ನಾನೇ ಕಣ್ಣಾರೆ ನೋಡಿದ್ದೆ. ಆವತ್ತು ಆಟೋಗೆ ಗೇಟು ತೆಗೆದವರು ಅದೇ ವಾಚ್‌ಮನ್. ಮೀಟಿಂಗ್ ದಿನ ಅವರನ್ನು ಬಾಗಿಲ ಹೊರಗೆ ನಿಲ್ಲಿಸಿದ್ದರು. ಚಪ್ಪಲಿ ಬಿಟ್ಟು, ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಮುದುಡಿ ಹಿಡಿದುಕೊಂಡು ನಿಂತಿದ್ದರು. ಕೆಲಸದಿಂದ ತೆಗೆಯುವ ನಿರ್ಣಯ ಬರೆದ ರಿಜಿಸ್ಟರ್ ಒಬ್ಬರ ಕೈಯಿಂದ ಒಬ್ಬರ ಕೈಗೆ ಬಂತು, ನನ್ನ ಮುಂದೆಯೂ ಬಂತು, ಪೆನ್ನನ್ನೂ ಪಕ್ಕದವರೇ ಕೊಟ್ಟರು. ನಾನು ಸಹಿ ಹಾಕಿದೆ. ಅವರು ಒಂದೇ ಒಂದು ಸಲ ನನ್ನ ಮುಖ ನೋಡಿದರು. ಕೆಲವು ತಿಂಗಳಾದ ಮೇಲೆ ತಡೆಯಲಾಗದೆ ಜಗಳೂರು ಕಡೆಯ ಅವರ ಊರಿಗೆ ಹುಡುಕಿಕೊಂಡು ಹೋಗಿ, ನಾನು ನೋಡಿದ್ದೆ, ಹೇಳಲಿಲ್ಲ, ತಪ್ಪಾಯಿತು ಅಂದೆ. ನೀರು ಕೊಟ್ಟರು, ಕೂರಿಸಿದರು. 'ಈಗ ನನ್ನ ಹತ್ರ ಹೇಳಿ ಏನು ಬಂತು ಸಾರ್, ಅವತ್ತು ಅವರ ಮುಂದೆ ಹೇಳಬೇಕಿತ್ತು' ಅಂದರು. ಸುಳ್ಳನ್ನು ಎಲ್ಲರ ಮುಂದೆ ಬರೆದು, ಸತ್ಯವನ್ನು ಅವರ ಜಗುಲಿಯ ಮೇಲೆ ಕೂತು ಹೇಳಿದೆ ನಾನು. ಭಾನುವಾರ ಕೈಯಲ್ಲಿ ಹಿಡಿದುಕೊಂಡು ಹೋಗುವ ಪುಸ್ತಕಕ್ಕೆ ಕನ್ನಡದಲ್ಲಿ ಸತ್ಯವೇದ ಅಂತ ಹೆಸರು. ಎಷ್ಟೋ ವಾರ ಅದನ್ನು ಹಿಡಿಯಲು ನನ್ನ ಕೈ ಹಿಂಜರಿಯುತ್ತಿತ್ತು.

'ನಾವು ಕಡಿಮೆ ಜನ' ಅನ್ನುವ ಹಿರಿಯರ ಭಯ ನನಗೂ ಅರ್ಥವಾಗುತ್ತದೆ. 2011ರ ಜನಗಣತಿ ಪ್ರಕಾರ ಇಡೀ ರಾಜ್ಯದಲ್ಲಿ ಕ್ರೈಸ್ತರು ನೂರಕ್ಕೆ ಎರಡಕ್ಕಿಂತ ಕಡಿಮೆ. ನಮ್ಮ ಒಂದು ತಪ್ಪು ಹೊರಗೆ ಬಿದ್ದರೆ ಎಲ್ಲರನ್ನೂ ಸೇರಿಸಿ ಆಡಿಕೊಳ್ಳುವವರು ಇದ್ದಾರೆ, ಸುಳ್ಳಲ್ಲ. ಆದರೆ ಆ ಕಾಲದಲ್ಲಿ ಅಂತಿಯೋಕ್ಯ ಪಟ್ಟಣದ ಸಭೆಯಲ್ಲಿ ಇದ್ದವರು ಎಷ್ಟು ಜನ ಅಂದುಕೊಂಡಿರಿ? ಊರಿನ ಲೆಕ್ಕದಲ್ಲಿ ನೋಡಿದರೆ ಕಡಿಮೆಯೇ. ಅಲ್ಲಿ ಯೇಸುವಿನ ಶಿಷ್ಯ ಪೇತ್ರ ಬೇರೆ ಜನಾಂಗದವರ ಜೊತೆ ಊಟಕ್ಕೆ ಕೂರುತ್ತಿದ್ದವನು, ಯೆರೂಸಲೇಮಿನ ಕಡೆಯವರು ಬಂದ ಕೂಡಲೇ ಹೆದರಿ ಹಿಂದೆ ಸರಿದ. ಅವನನ್ನು ನೋಡಿ ಉಳಿದವರೂ ಸರಿದರು. ಪೌಲ ಅವನನ್ನು ಎಲ್ಲರ ಎದುರಿಗೇ ಕೇಳಿದ. ಪೇತ್ರ ಎಷ್ಟು ದೊಡ್ಡವನು, ಸಭೆ ಎಷ್ಟು ಚಿಕ್ಕದು ಅಂತ ನೋಡಲಿಲ್ಲ. ಆಮೇಲೆ ಅದನ್ನು ಗಲಾತ್ಯದವರಿಗೆ ಪತ್ರದಲ್ಲಿ ಬರೆದೂಬಿಟ್ಟ. ಎರಡು ಸಾವಿರ ವರ್ಷದಿಂದ ನಾವದನ್ನು ಓದುತ್ತಿದ್ದೇವೆ, ಸಭೆ ಅದರಿಂದ ಒಡೆದು ಹೋಗಲಿಲ್ಲ.

ಈಗ ನಿಮ್ಮ ಎರಡನೇ ಪ್ರಶ್ನೆ. ಇದಕ್ಕೆ ನನ್ನ ಉತ್ತರ ನಿಮಗೆ ಇಷ್ಟವಾಗದೆ ಇರಬಹುದು. ನಿಮ್ಮ ಸಭೆಯ ಹೆಸರನ್ನು ನಾನು ಹಾಕುವುದಿಲ್ಲ.

ಯಾಕೆ ಅಂದರೆ ನಿಕೊದೇಮ. ಯೆಹೂದ್ಯರ ಹಿರಿಯರಲ್ಲಿ ಒಬ್ಬ, ಯೇಸುವನ್ನು ನೋಡಲು ರಾತ್ರಿ ಹೊತ್ತು ಬಂದವನು ಅವನು. ಸುಮಾರು ಜನ ಬೋಧಕರು ಅವನನ್ನು ಹೇಡಿ ಅನ್ನುವ ಹಾಗೆ ಮಾತಾಡುತ್ತಾರೆ, ನನಗೆ ಅದು ಸರಿ ಕಾಣುವುದಿಲ್ಲ. ಯೋಹಾನ 7ರಲ್ಲಿ ಹಿರಿಯರೆಲ್ಲ ಸೇರಿ ಯೇಸುವನ್ನು ಹಿಡಿಸಲು ಹೊರಟಾಗ ಬಾಯಿ ಬಿಟ್ಟವನು ಅವನೊಬ್ಬನೇ. ಅವನು ಭಾಷಣ ಮಾಡಲಿಲ್ಲ. ಒಬ್ಬ ಮನುಷ್ಯನ ಮಾತನ್ನು ಮೊದಲು ಕೇಳದೆ ನಮ್ಮ ಧರ್ಮಶಾಸ್ತ್ರ ತೀರ್ಪು ಕೊಡುತ್ತದಾ ಅಂತ ಒಂದು ಪ್ರಶ್ನೆ ಕೇಳಿದ, ಅಷ್ಟೇ. ಅದಕ್ಕೇ ಅವರು, ನೀನೂ ಅವನ ಹಾಗೆ ಗಲಿಲಾಯದವನಾ ಅಂತ ಮೇಲೆ ಬಿದ್ದರು. ನಿಮಗೂ 'ನೀನು ಯಾರ ಕಡೆಯವಳು' ಅಂದರಲ್ವಾ? ಕೊನೆಗೆ ಯೇಸು ಸತ್ತ ಮೇಲೆ, ಶಿಷ್ಯರು ಚದುರಿ ಹೋಗಿದ್ದ ಹೊತ್ತಿನಲ್ಲಿ, 30 ಕೆ.ಜಿ.ಗೂ ಜಾಸ್ತಿ ರಕ್ತಬೋಳ, ಅಗರು ತಂದು ಹೂಣಿಡುವ ಕೆಲಸಕ್ಕೆ ಬಂದವನೂ ಅವನೇ.

ಅವನು ಕೇಳಿದ ಆ ಪ್ರಶ್ನೆ ನನ್ನ ಮೇಜಿನ ಮೇಲೂ ಇದೆ. ನಿಮ್ಮ ಖಜಾಂಚಿಯ ಮಾತನ್ನು ನಾನು ಕೇಳಿಲ್ಲ. ಹಣ ತಿಂದಿರಬಹುದು. ಇಲ್ಲ, ಲೆಕ್ಕ ಬರೆಯಲು ಬಾರದೆ ಹೆದರಿ ಕೂತಿರಬಹುದು. ಮೇಸ್ತ್ರಿ ಅಡ್ವಾನ್ಸ್ ತೆಗೆದುಕೊಂಡು ಕೈ ಕೊಟ್ಟಿರಲೂಬಹುದು. ಕೇಳದೆ ಹೆಸರು ಅಚ್ಚು ಹಾಕಿದರೆ, ಆ ವಾಚ್‌ಮನ್‌ಗೆ ಮಾಡಿದ್ದನ್ನೇ ನಾನು ಮತ್ತೆ ಮಾಡಿದ ಹಾಗೆ.

ಹಾಗಂತ ಸುಮ್ನೆ ಕೂರಬೇಡಿ. ಮತ್ತಾಯ 18ರಲ್ಲಿ ದಾರಿ ಇದೆ. ಮೊದಲು ಒಬ್ಬರೇ ಹೋಗಿ ಕೇಳಿ. ಆಗಲಿಲ್ಲವಾ, ಒಬ್ಬಿಬ್ಬರನ್ನು ಕರೆದುಕೊಂಡು ಹೋಗಿ. ಆಗಲೂ ಆಗದಿದ್ದರೆ ಸಭೆಗೆ ಹೇಳಿ. 1 ತಿಮೊಥೆ 5ರಲ್ಲೂ ಹಿರಿಯರ ಮೇಲಿನ ದೂರಿಗೆ ಎರಡು ಮೂರು ಸಾಕ್ಷಿ ಬೇಕು ಅಂತಿದೆ, ತಪ್ಪು ಮಾಡುತ್ತಲೇ ಇರುವವರನ್ನು ಎಲ್ಲರ ಎದುರಿಗೆ ಗದರಿಸು ಅಂತಲೂ ಇದೆ. ಮೊದಲನೆಯದನ್ನು ಮಾತ್ರ ಓದಿ ಎರಡನೆಯದನ್ನು ಬಿಡುವವರೇ ಜಾಸ್ತಿ. ನಿಮ್ಮ ಸಭೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿದ್ದರೆ, ವರ್ಷಕ್ಕೊಮ್ಮೆ ಸದಸ್ಯರ ಸಭೆ ಕರೆದು ಲೆಕ್ಕ ಇಡುವುದು ಕಮಿಟಿಯ ಕೆಲಸವೇ, ಯಾರೋ ದೊಡ್ಡ ಮನಸ್ಸು ಮಾಡಿ ತೋರಿಸುವಂಥದ್ದಲ್ಲ.

ಒಬ್ಬರೇ ಹೊರಬೇಡಿ. 1511ರ ಡಿಸೆಂಬರ್ 21, ಕ್ರಿಸ್ಮಸ್‌ಗೆ ಹಿಂದಿನ ಭಾನುವಾರ. ಕೆರಿಬಿಯನ್ ಸಮುದ್ರದ ಹಿಸ್ಪಾನಿಯೋಲ ದ್ವೀಪದಲ್ಲಿ ಅಂತೋನಿಯೊ ದೆ ಮೊಂತೆಸಿನೋಸ್ ಅನ್ನುವ ದೊಮಿನಿಕನ್ ಸನ್ಯಾಸಿ ಪ್ರಸಂಗಕ್ಕೆ ನಿಂತ. ಎದುರಿಗೆ ಕೂತವರು ಆ ದ್ವೀಪ ಹಿಡಿದ ಸ್ಪೇನಿನವರು, ಅವರಲ್ಲಿ ಕೊಲಂಬಸನ ಮಗನೂ ಇದ್ದ, ಆಗ ಅವನೇ ಅಲ್ಲಿನ ಅಧಿಕಾರಿ. ಯಾವ ಹಕ್ಕಿನಿಂದ ಈ ನೆಲದ ಜನರನ್ನು ಜೀತಕ್ಕೆ ಇಟ್ಟುಕೊಂಡು ಸಾಯಿಸುತ್ತಿದ್ದೀರಿ, ಇವರು ಮನುಷ್ಯರಲ್ಲವಾ ಅಂತ ಆ ಸನ್ಯಾಸಿ ಮುಖಕ್ಕೇ ಕೇಳಿದ. ದೊಡ್ಡವರೆಲ್ಲ ಸನ್ಯಾಸಿಗಳ ಗುಡಿಸಲಿಗೆ ನುಗ್ಗಿ, ಮಾತು ವಾಪಸ್ ತೆಗೆದುಕೋ ಅಂದರು. ಮುಂದಿನ ಭಾನುವಾರ ಅವನು ಅದನ್ನೇ ಇನ್ನೂ ಗಟ್ಟಿಯಾಗಿ ಹೇಳಿದ. ಅವನಿಗೆ ಆ ಗಟ್ಟಿತನ ಎಲ್ಲಿಂದ ಬಂತು ಅಂದರೆ, ಆ ಪ್ರಸಂಗವನ್ನು ಅಲ್ಲಿದ್ದ ಸನ್ಯಾಸಿಗಳೆಲ್ಲ ಸೇರಿ ಬರೆದು, ಎಲ್ಲರೂ ಸಹಿ ಹಾಕಿದ್ದರು. ನಿಂತವನು ಒಬ್ಬ, ಮಾತು ಎಲ್ಲರದ್ದು.

ಹಾಗೇ ನೀವೂ ಒಂದು ಹಾಳೆಯಲ್ಲಿ ಮೂರೇ ಪ್ರಶ್ನೆ ಬರೆಯಿರಿ. ಬಂದದ್ದೆಷ್ಟು, ಹೋದದ್ದೆಷ್ಟು, ಉಳಿದದ್ದು ಎಲ್ಲಿದೆ. ಯಾರನ್ನೂ ಕಳ್ಳ ಅನ್ನಬೇಡಿ. ಕೆಳಗೆ ನಿಮ್ಮ ಹೆಸರು ಬರೆದು, ಇನ್ನಿಬ್ಬರ ಸಹಿ ಕೇಳಿ. ಮೊದಲು ಮಾವನನ್ನೇ ಕೇಳಿ ನೋಡಿ. ಎರಡು ದಿನ ಮಾತು ಬಿಟ್ಟವರು ಮೂರನೇ ದಿನ ಮಾತಾಡಿದ್ದಾರೆ ಅಂತ ನೀವೇ ಬರೆದಿದ್ದೀರಿ, ಏನು ಹೇಳಿದರು ಅಂತ ಮಾತ್ರ ಬರೆದಿಲ್ಲ.

ಮುಂದಿನ ಮೀಟಿಂಗ್ ಯಾವತ್ತು ಅಂತ ಒಂದು ಕಾರ್ಡ್ ಹಾಕಿ. ದಾವಣಗೆರೆಯಿಂದ ಬೆಳಗಿನ ಬಸ್ಸು ಹಿಡಿದು ಬರುತ್ತೇನೆ. ನಾನು ನಿಮ್ಮ ಸಭೆಯ ಸದಸ್ಯನಲ್ಲ, ಒಳಗೆ ಮಾತಾಡುವ ಹಕ್ಕು ನನಗಿಲ್ಲ. ಬಾಗಿಲ ಹೊರಗೆ ನಿಂತಿರುತ್ತೇನೆ.