ಐರ್ಲೆಂಡಿನ ಮಣ್ಣಿನ ಗೋಡೆ, ಹುಲ್ಲಿನ ಮಾಡು

ಪ್ರಶ್ನೆ: ಐರ್ಲೆಂಡಿನಲ್ಲಿ ವರ್ಷವಿಡೀ ಮಳೆ. ಅಂಥಲ್ಲಿ ಹಿಂದಿನ ಹಳ್ಳಿಗರು ಮಣ್ಣಿನ ಗೋಡೆ ಕಟ್ಟಿದ್ದು ಹೇಗೆ? ಕರಗುತ್ತಿರಲಿಲ್ಲವೇ?

ಉತ್ತರ: ಎಲ್ಲ ಕಡೆಯೂ ಮಣ್ಣಲ್ಲ. ಪಶ್ಚಿಮದ ಗಾಲ್ವೇ, ಮೇಯೊ, ಡೊನೆಗಲ್ ಕಡೆ ಕಲ್ಲಿನ ಗೋಡೆ. ವೆಕ್ಸ್‌ಫರ್ಡ್‌ನಂಥ ಆಗ್ನೇಯ ಭಾಗದಲ್ಲಿ ಮಣ್ಣು ಹೆಚ್ಚು. ಜೇಡಿಮಣ್ಣಿಗೆ ಕತ್ತರಿಸಿದ ಹುಲ್ಲು ಬೆರೆಸಿ, ನೀರು ಹಾಕಿ ತುಳಿದು ಹದ ಮಾಡುತ್ತಿದ್ದರು. ತಳದಲ್ಲಿ ಕಲ್ಲಿನ ಪೀಠ. ಅದರ ಮೇಲೆ ಹಲಗೆಯ ಅಚ್ಚಿಲ್ಲದೆ ಸುಮಾರು 2 ಅಡಿ ದಪ್ಪಕ್ಕೆ ಮಣ್ಣು ಒಟ್ಟಿ, ಒಂದೊಂದು ವರಸೆಯೂ ಬಿಗಿಯುವವರೆಗೆ ಕಾಯಬೇಕು. ಅವಸರಪಟ್ಟು ಮೇಲೆ ಏರಿಸಿದರೆ ಕೆಳಗಿನ ವರಸೆ ಹೊಟ್ಟೆ ಬಿಟ್ಟು ಜಾರುತ್ತದೆ. ಬಿಗಿದ ಮೇಲೆ ಸಲಿಕೆಯಿಂದ ಕೆತ್ತಿ ನೇರ ಮಾಡಿ, ಸುಣ್ಣ ಬಳಿಯುತ್ತಿದ್ದರು. ಬುಡಕ್ಕೆ ಕಲ್ಲು, ತಲೆಗೆ ಹುಲ್ಲು, ಮೈಗೆ ಸುಣ್ಣ ಇದ್ದರೆ ಮಣ್ಣು ಕರಗುವುದಿಲ್ಲ.

ಮನೆಯ ಅಗಲ ಒಂದೇ ಕೋಣೆಯಷ್ಟು. ಉದ್ದದ ಮರ ದುರ್ಲಭವಾಗಿದ್ದುದೇ ಕಾರಣ. ಜೌಗು ನೆಲದಲ್ಲಿ ಸಾವಿರಾರು ವರ್ಷ ಹೂತಿದ್ದ ಓಕ್, ಪೈನ್ ದಿಮ್ಮಿಗಳನ್ನು ಅಗೆದು ತೊಲೆ ಮಾಡಿಕೊಂಡವರೂ ಉಂಟು.

ಪ್ರಶ್ನೆ: ಅಟ್ಲಾಂಟಿಕ್ ಗಾಳಿಗೆ ಹುಲ್ಲಿನ ಮಾಡು ಹಾರಿಹೋಗುತ್ತಿರಲಿಲ್ಲವೇ?

ಉತ್ತರ: ಹುಲ್ಲಿನ ಅಡಿಯಲ್ಲಿ ಇನ್ನೊಂದು ಪದರವಿದೆ, ಅದೇ ಗುಟ್ಟು. ಬೇರುಗಟ್ಟಿದ ಹುಲ್ಲುನೆಲವನ್ನು ಕಂಬಳಿಯಂತೆ ಉದ್ದುದ್ದ ಕೊಯ್ದು, ಸುರುಳಿ ಸುತ್ತಿ ಮೇಲಕ್ಕೊಯ್ದು, ಜಂತೆಗಳ ಮೇಲೆ ಬಿಚ್ಚಿ ಹಗ್ಗದಿಂದ ಹೊಲಿಯುತ್ತಿದ್ದರು. ಇದಕ್ಕೆ 'ಸ್ಕ್ರಾ' ಎನ್ನುತ್ತಾರೆ. ಅದರ ಮೇಲೆ ಸೂರಿನಿಂದ ನೆತ್ತಿಯ ಕಡೆಗೆ ಹುಲ್ಲಿನ ಕಟ್ಟುಗಳು. ಹೇಜಲ್ ಅಥವಾ ವಿಲ್ಲೋ ಕಡ್ಡಿಯನ್ನು ನಡುವೆ ತಿರುಚಿ ಹೇರ್‌ಪಿನ್‌ನಂತೆ ಬಗ್ಗಿಸಿ ಸ್ಕ್ರಾದೊಳಗೆ ಚುಚ್ಚಿದರೆ ಹುಲ್ಲು ಕದಲದು. ಈ ಕಡ್ಡಿಯೇ 'ಸ್ಕಾಲಪ್'. ತಿರುಚದೆ ಬಗ್ಗಿಸಿದರೆ ಮುರಿಯುತ್ತದೆ. ಚುಚ್ಚುವಾಗ ತುದಿ ಒಳಮುಖವಾಗಿ ಕೆಳಕ್ಕೆ ವಾಲಬಾರದು, ವಾಲಿದರೆ ಮಳೆನೀರು ಕಡ್ಡಿಯಗುಂಟ ಒಳಗಿಳಿಯುತ್ತದೆ. ಕಡಲಂಚಿನ ಡೊನೆಗಲ್, ಮೇಯೊಗಳಲ್ಲಿ ಇಷ್ಟು ಸಾಲದು. ಅಲ್ಲಿ ಮಾಡಿನ ಮೇಲೆ ಬಲೆಯಂತೆ ಹಗ್ಗ ಹಾಯಿಸಿ, ಸೂರಿನ ಕೆಳಗೆ ಗೋಡೆಯಿಂದ ಚಾಚಿದ ಕಲ್ಲಿನ ಗೂಟಗಳಿಗೆ ಬಿಗಿಯುತ್ತಿದ್ದರು. ಗಾಳಿಗೆ ಹಿಡಿತ ಸಿಗದಿರಲೆಂದು ನೆತ್ತಿಯನ್ನೂ ದುಂಡಗಿಡುತ್ತಿದ್ದರು.

ಮಾಡಿನ ಇಳಿಜಾರು ಸುಮಾರು 45 ಡಿಗ್ರಿ ಇರಲೇಬೇಕು. ಕಡಿಮೆಯಾದರೆ ನೀರು ನಿಂತು ಹುಲ್ಲು ಕೊಳೆಯುತ್ತದೆ. ಯಂತ್ರದಲ್ಲಿ ಒಕ್ಕಿದ ಹುಲ್ಲನ್ನು ದಯವಿಟ್ಟು ಬಳಸಬೇಡಿ: ಕಡ್ಡಿ ಜಜ್ಜಿಹೋಗಿ ನೀರು ಹೀರುತ್ತದೆ.

ಪ್ರಶ್ನೆ: ಅಂಥ ಹಳೆಯ ಮನೆಗೆ ಈಗ ಸಿಮೆಂಟ್ ಗಿಲಾವು ಮಾಡಿದರೆ ಇನ್ನೂ ಗಟ್ಟಿಯಾಗುವುದಿಲ್ಲವೇ?

ಉತ್ತರ: ಖಂಡಿತ ಬೇಡ. ನೆಲದಿಂದಲೋ ಮಳೆಯಿಂದಲೋ ಗೋಡೆಗೆ ಸೇರಿದ ತೇವ ಸುಣ್ಣದ ಮೂಲಕ ಆರಿಹೋಗುತ್ತದೆ. ಸಿಮೆಂಟ್ ಆ ದಾರಿ ಮುಚ್ಚುತ್ತದೆ. ಕೂದಲೆಳೆಯಷ್ಟು ಬಿರುಕಿನಿಂದ ಒಳಹೊಕ್ಕ ನೀರು ಬುಡದಲ್ಲಿ ತಂಗಿ ಮಣ್ಣನ್ನು ಮೆತ್ತಗಾಗಿಸುತ್ತದೆ. ಹೊರಗೆ ಗಿಲಾವು ಚೆನ್ನಾಗಿಯೇ ಕಾಣುತ್ತಿರುವಾಗ ಗೋಡೆ ಕುಸಿಯುತ್ತದೆ. ಸಿಮೆಂಟ್ ಈಗಾಗಲೇ ಇದ್ದರೆ ಒಂದೇ ಸಲ ಕೆಡವಬೇಡಿ. ಸ್ವಲ್ಪ ಭಾಗ ಬಿಡಿಸಿ, ಒಳಗಿನ ಮಣ್ಣು ಎಷ್ಟು ಒದ್ದೆಯಾಗಿದೆ ನೋಡಿ, ಆಸರೆ ಕೊಟ್ಟ ಮೇಲಷ್ಟೇ ಮುಂದುವರಿಯಿರಿ.