ಗಲ್ಲಾದಲ್ಲಿ ಹಣ ಕಡಿಮೆ ಬಂದರೆ ಮೊದಲು ಯಾರನ್ನು ಕೇಳಬೇಕು?

ಪ್ರಶ್ನೆ: ಶಿವಮೊಗ್ಗ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ನಮ್ಮ ಬೇಕರಿ ಇದೆ. ಎರಡು ವರ್ಷಗಳ ಹಿಂದೆ ಯಜಮಾನರು ತೀರಿಕೊಂಡ ಮೇಲೆ ನಾನೇ ನಡೆಸುತ್ತಿದ್ದೇನೆ. ಆರು ಜನ ಕೆಲಸದವರಿದ್ದಾರೆ, ದಿನಕ್ಕೆ ಸುಮಾರು 11,000 ರೂಪಾಯಿ ವ್ಯಾಪಾರ. ಗಲ್ಲಾದಲ್ಲಿ ಕೂರುವ ಹುಡುಗ ಹನ್ನೊಂದು ವರ್ಷಗಳಿಂದ ನಮ್ಮಲ್ಲಿದ್ದಾನೆ, ನನ್ನನ್ನು ಅತ್ತಿಗೆ ಎಂದೇ ಕರೆಯುತ್ತಾನೆ. ಮೂರು ತಿಂಗಳಿಂದ ದಿನಕ್ಕೆ ಆರೇಳುನೂರು ರೂಪಾಯಿ ಕಡಿಮೆ ಬರುತ್ತಿದೆ ಅನಿಸುತ್ತಿದೆ. ಹಾಲಿಗೆ, ಮಕ್ಕಳ ಆಟೋಗೆ, ಚೀಟಿ ಕಂತಿಗೆ ನಾನು ಗಲ್ಲಾದಿಂದಲೇ ತೆಗೆದುಕೊಳ್ಳುವುದು ಮೊದಲಿನಿಂದಲೂ ಇರುವ ರೂಢಿ. ನೆಟ್‌ವರ್ಕ್ ಸಿಗದಾಗ ಗಿರಾಕಿಗಳು ಅವನ ಫೋನಿಗೆ ಹಣ ಹಾಕುತ್ತಾರೆ, ರಾತ್ರಿ ಲೆಕ್ಕ ಕೊಡುತ್ತಾನೆ. ಅವನ ತಂಗಿಯ ಮದುವೆಗೆ ಕೊಟ್ಟ 46,000 ಮುಂಗಡವೂ ಹಾಗೇ ನಿಂತಿದೆ. ಪೊಲೀಸರಿಗೆ ದೂರು ಕೊಡಿ ಎಂದು ಮೈದುನ ಹೇಳುತ್ತಾರೆ. ನನಗೆ ನಿದ್ದೆ ಬರುತ್ತಿಲ್ಲ, ಏನು ಮಾಡಲಿ?

ಉತ್ತರ: ಸೋದರಿ, ಯಜಮಾನರಿಲ್ಲದ ಮನೆಯನ್ನೂ ಅಂಗಡಿಯನ್ನೂ ಒಟ್ಟಿಗೆ ಎರಡು ವರ್ಷ ನಡೆಸಿಕೊಂಡು ಬಂದಿದ್ದೀರಿ. ಆ ದಣಿವಿನ ಮೇಲೆ ಈಗ ಮನೆಯವನಂತಿದ್ದವನ ಮೇಲಿನ ಅನುಮಾನವೂ ಸೇರಿಕೊಂಡಿದೆ. ನಿಮಗೆ ನಿದ್ದೆ ಬಾರದಿರುವುದು ಸಹಜ. ಆದರೆ ನಿಮ್ಮ ಪತ್ರವನ್ನು ಎರಡು ಬಾರಿ ಓದಿದ ಮೇಲೂ ಆ ಹುಡುಗ ಕದ್ದಿದ್ದಾನೆಯೇ ಇಲ್ಲವೇ ಎಂದು ಹೇಳಲು ನನ್ನಿಂದ ಸಾಧ್ಯವಾಗಲಿಲ್ಲ. ಇಂದಿನ ಸ್ಥಿತಿಯಲ್ಲಿ ನೀವೂ ಹೇಳಲಾರಿರಿ, ಪೊಲೀಸರೂ ಹೇಳಲಾರರು. ಹಣ ಕಡಿಮೆ ಬಂದಿದೆ ಎನ್ನಬೇಕಾದರೆ ಎಷ್ಟು ಬರಬೇಕಿತ್ತು ಎಂಬುದು ಮೊದಲು ತಿಳಿದಿರಬೇಕು. ನಿಮ್ಮ ಅಂಗಡಿಯಲ್ಲಿ ಆ ಅಂಕಿಯೇ ಇಲ್ಲ. ಹಾಲಿನವನಿಗೆ, ಆಟೋದವನಿಗೆ, ಚೀಟಿಗೆ ಎಂದು ನೀವು ಬರೆದಿಡದೆ ತೆಗೆದ ಹಣವೂ ಆ ಆರೇಳುನೂರರಲ್ಲಿ ಸೇರಿರಬಹುದು. ಇದು ನಿಮ್ಮ ಮೇಲಿನ ಆರೋಪವಲ್ಲ. ಲೆಕ್ಕವಿಲ್ಲದ ಗಲ್ಲಾದ ಎದುರು ಹನ್ನೊಂದು ವರ್ಷ ದುಡಿದವನನ್ನು ಕಳ್ಳನೆನ್ನುವುದು ಅನ್ಯಾಯವಾದೀತು ಎಂಬುದಷ್ಟೇ ನನ್ನ ಕಳಕಳಿ.

ಆದ್ದರಿಂದ ಮೊದಲ ಬದಲಾವಣೆ ನಿಮ್ಮಿಂದಲೇ ಆಗಲಿ. ಒಂದನೇ ತಾರೀಖಿನಂದು ಮನೆಖರ್ಚಿಗೆಂದು ನಿಮಗೂ ಒಂದು ಸಂಬಳ ಗೊತ್ತುಮಾಡಿಕೊಳ್ಳಿ, ಅದನ್ನು ಒಮ್ಮೆಗೇ ತೆಗೆದುಕೊಂಡು ಕಿರ್ದಿಯಲ್ಲಿ ಬರೆಯಿರಿ, ಆಮೇಲೆ ತಿಂಗಳಿಡೀ ಗಲ್ಲಾಕ್ಕೆ ಕೈಹಾಕಬೇಡಿ. ಕೆಲಸದವರೆಲ್ಲರ ಎದುರಿಗೆ, "ಇನ್ನು ಮುಂದೆ ನಾನು ತೆಗೆದರೂ ಚೀಟಿ ಬರೆದಿಡುತ್ತೇನೆ, ನೀವೂ ಹಾಗೇ ಮಾಡಬೇಕು" ಎಂದು ಹೇಳಿ. ಒಡತಿಯೇ ಪಾಲಿಸುವ ನಿಯಮವನ್ನು ಯಾರೂ ಅವಮಾನವೆಂದು ತಿಳಿಯುವುದಿಲ್ಲ.

ಇನ್ನು ಎಣಿಕೆಯನ್ನು ಗಲ್ಲಾದಿಂದಲ್ಲ, ಒಲೆಯಿಂದ ಆರಂಭಿಸಬೇಕು. ಬೆಳಿಗ್ಗೆ ಒಲೆಯಿಂದ ಇಳಿದ ಬ್ರೆಡ್ ಎಷ್ಟು, ಬನ್ ಎಷ್ಟು, ಖಾರಾ ಬಿಸ್ಕತ್ತು ಎಷ್ಟು ಕಿಲೋ ಎಂಬುದನ್ನು ಮಾಸ್ಟರ್ ಒಂದು ಪುಸ್ತಕದಲ್ಲಿ ಬರೆಯಲಿ; ರಾತ್ರಿ ಬಾಗಿಲು ಹಾಕುವ ಮುನ್ನ ಉಳಿದದ್ದನ್ನು ನೀವು ಎಣಿಸಿ, ಮರುದಿನ ರಸ್ಕಿಗೆ ಹೋಗುವ ಬ್ರೆಡ್ಡನ್ನೂ ಟೀ ಅಂಗಡಿಗಳಿಗೆ ಕೊಟ್ಟ ಉದ್ರಿಯನ್ನೂ ಬೇರೆಯಾಗಿ ಬರೆದುಕೊಂಡರೆ, ಮಾರಾಟವಾದದ್ದೆಷ್ಟು ಎಂಬುದು ತಾನೇ ಹೊರಬರುತ್ತದೆ. ಉದ್ರಿಯನ್ನು ಕ್ಯಾಲೆಂಡರಿನ ಹಿಂದೆ ಬರೆಯುವ ಅಭ್ಯಾಸವಿದ್ದರೆ ಇಂದೇ ನಿಲ್ಲಿಸಿ, ಏಕೆಂದರೆ ಎಷ್ಟೋ ಅಂಗಡಿಗಳಲ್ಲಿ ಕಾಣೆಯಾದ ಹಣ ನಿಜವಾಗಿ ಸಿಕ್ಕಿಕೊಂಡಿರುವುದು ಅಲ್ಲಿಯೇ.

ಅವನ ಫೋನಿಗೆ ಹಣ ಹಾಕಿಸುವುದು ಮಾತ್ರ ಒಂದು ದಿನವೂ ಮುಂದುವರಿಯಬಾರದು. ಅಂಗಡಿಯ ಹೆಸರಿನಲ್ಲಿ ಚಾಲ್ತಿ ಖಾತೆ ತೆರೆದು, ಆ ಖಾತೆಯ ಒಂದೇ ಕ್ಯೂಆರ್ ಕೋಡ್ ಮತ್ತು ಹಣ ಬಂದದ್ದನ್ನು ಕೂಗಿ ಹೇಳುವ ಸೌಂಡ್ ಬಾಕ್ಸ್ ಇಡಿ. ಇದಕ್ಕೆ ಇನ್ನೊಂದು ಕಾರಣವೂ ಇದೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಗಳನ್ನು ಆಧರಿಸಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿದಾಗ ಬೇಕರಿ, ಕಾಂಡಿಮೆಂಟ್ಸ್ ನಡೆಸುವವರು ಕಂಗಾಲಾದರು. ಮನೆಯವರು ಕಳಿಸಿದ್ದು, ಕೈಸಾಲ, ವ್ಯಾಪಾರ ಎಲ್ಲವೂ ಒಂದೇ ಖಾತೆಯಲ್ಲಿದ್ದವರಿಗೆ ಬಿಡಿಸಿ ತೋರಿಸುವುದು ಕಷ್ಟವಾಯಿತು. ಸರಕು ಮಾತ್ರ ಮಾರುವವರ ವರ್ಷದ ವಹಿವಾಟು 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು, ಸೇವೆಗಳಿಗೆ ಆ ಮಿತಿ 20 ಲಕ್ಷ. ದಿನಕ್ಕೆ 11,000 ಎಂದರೆ ನೀವು ಸರಿಯಾಗಿ ಆ 40 ಲಕ್ಷದ ಗೆರೆಯ ಮೇಲೆಯೇ ಇದ್ದೀರಿ. ಈ ವಾರವೇ ಒಬ್ಬ ತೆರಿಗೆ ಸಲಹೆಗಾರರನ್ನು ಕಾಣಿರಿ.

ಮುಂಗಡದ ವಿಷಯವನ್ನು ಅನುಮಾನದೊಂದಿಗೆ ಬೆರೆಸಬೇಡಿ. ಅದು ನೀವು ಮನಸಾರೆ ಕೊಟ್ಟ ಹಣ. ತಿಂಗಳಿಗೆ 2,000 ರೂಪಾಯಿಯಂತೆ ಹಿಡಿಯುವುದಾಗಿ ಇಬ್ಬರೂ ಸಹಿ ಮಾಡಿದ ಒಂದು ಕಾಗದವಿದ್ದರೆ 23 ತಿಂಗಳಲ್ಲಿ ತೀರುತ್ತದೆ, ಅವನ ಮನೆಯೂ ನಡೆಯುತ್ತದೆ.

ಇಷ್ಟಾಗಿಯೂ ಒಂದು ತಿಂಗಳ ಕಿರ್ದಿಯಲ್ಲಿ ಕೊರತೆ ಕಂಡರೆ, ಅವನೊಬ್ಬನನ್ನೇ ಕೂರಿಸಿಕೊಂಡು ಪುಸ್ತಕವನ್ನು ಅವನ ಕಡೆಗೆ ತಿರುಗಿಸಿ, "ಇದು ನನಗೆ ಅರ್ಥವಾಗುತ್ತಿಲ್ಲ, ನೀನೇ ಹೇಳಪ್ಪ" ಎಂದು ಕೇಳಿ. ಒಲೆಯ ಹುಡುಗರ ಎದುರಿಗಾಗಲಿ ಮೈದುನರ ಎದುರಿಗಾಗಲಿ ಈ ಮಾತು ಬೇಡ. ಉತ್ತರ ಹೇಳಲು ಅವಕಾಶ ಕೊಡದೆ ನಷ್ಟವನ್ನು ಸಂಬಳದಲ್ಲಿ ಮುರಿದುಕೊಳ್ಳಲು ಕಾನೂನು ಬಿಡುವುದಿಲ್ಲ. ಎಲ್ಲ ಕಡಿತಗಳೂ ಸೇರಿ ಸಂಬಳದ ಅರ್ಧವನ್ನು ದಾಟುವಂತೆಯೂ ಇಲ್ಲ. ಬಿಡಿಸಲೇಬೇಕಾಗಿ ಬಂದರೆ, 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಆರು ತಿಂಗಳು ಸತತವಾಗಿ ದುಡಿದವನಿಗೆ ಸಕಾರಣದ ಜೊತೆಗೆ ಒಂದು ತಿಂಗಳ ನೋಟಿಸ್ ಅಥವಾ ಅಷ್ಟು ಸಂಬಳ ಕೊಡಬೇಕು. ವಿಚಾರಣೆ ನಡೆಸಿ ದುರ್ನಡತೆ ರುಜುವಾತಾದರೆ ಮಾತ್ರ ನೋಟಿಸ್ ಬೇಕಿಲ್ಲ.

ಮೈದುನರಿಗೆ ನಿಮ್ಮ ಮೇಲೆ ಕಾಳಜಿಯಿದೆ ಎಂದೇ ಭಾವಿಸುತ್ತೇನೆ. ಹಾಗಿದ್ದರೆ ಅವರಿಗೊಂದು ಕೆಲಸ ಕೊಡಿ: ವಾರಕ್ಕೊಮ್ಮೆ ಬಂದು ಟೀ ಅಂಗಡಿಗಳ ಉದ್ರಿ ವಸೂಲಿ ಮಾಡಿಕೊಡಲಿ, ತಂದದ್ದನ್ನು ಅವರೂ ಕಿರ್ದಿಯಲ್ಲಿ ಬರೆದು ಸಹಿ ಹಾಕಲಿ. ತಿಂಗಳು ತುಂಬಿದ ಮೇಲೆ ಆ ಅಂಕಿಗಳೊಂದಿಗೆ ನನಗೆ ಇನ್ನೊಮ್ಮೆ ಬರೆಯಿರಿ.